ಕೊಳಲು ಊದುವ ಪೆಟ್ಟಿಗೆ

ಭಾನುವಾರ, 4. ಸಂಜೆ

ಇವತ್ತೂ ಪ್ರಸಾರಕ್ಕೆ ಹೋಗಲಿಲ್ಲ. ಮ್ಯಾಚ್ ಮುಗಿಯಲೇ ಇಲ್ಲ. ನಾಲ್ಕೂವರೆಗೆ ಪ್ರಸಾರವಾಗಬೇಕಿದ್ದ ನನ್ನ ಕಾರ್ಯಕ್ರಮ ಸೀದಾ ಮುಂದಿನ ವಾರಕ್ಕೆ. ಭಾನುವಾರ ನಮ್ಮ ರೇಡಿಯೋ ಸ್ಟೇಷನ್ನಿನಲ್ಲಿ ಹಾಡಿಲ್ಲ, ದಿನವಿಡೀ ಮಾತು. ಬೆಳಗಿನ ಚಿಂತನ, ಕೈತೋಟದ ಪ್ರಶ್ನೋತ್ತರ, ಡಾಕ್ಟರ್ ಫೋನ್-ಇನ್, ಮಕ್ಕಳ ಒಗಟು, ನಾಟಕ, ಕಾಮೆಂಟರಿ. ಮೊಣಕಾಲು ನೋವಿಗೆ ಮುಕ್ಕಾಲು ಗಂಟೆ ಇದೆ. ಗುಲಾಬಿ ಗಿಡದ ಹುಳಕ್ಕೆ ಅರ್ಧ ಗಂಟೆ ಇದೆ. ನನ್ನ ದೊಡ್ಡಮ್ಮನ ಸಂದರ್ಶನಕ್ಕೆ ಕಾಲು ಗಂಟೆ ಇಲ್ಲ!

ಬಾಸ್ ಹತ್ತಿರ ಹೋದೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕತ್ತರಿ ಅನ್ನುತ್ತೇವೆ. ಯಾರದೇ ಮಾತಿರಲಿ, ಮೊದಲು ಕತ್ತರಿಸು ಅನ್ನುತ್ತಾರೆ. "ಮುಂದಿನ ವಾರ ನೋಡೋಣ ಬಿಡಮ್ಮ. ನಿನ್ನ ದೊಡ್ಡಮ್ಮ ಎಲ್ಲಿಗೆ ಓಡಿ ಹೋಗ್ತಾರೆ?"

ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ, ಪಕ್ಕದಲ್ಲಿ ರೇಡಿಯೋ. ಭಾನುವಾರ ಬೆಳಿಗ್ಗೆ ಹಾಕಿದರೆ ಮಲಗುವಾಗಲೇ ಆರಿಸುವುದು. "ಅದೇನೇ ಆ ಮ್ಯಾಚಿನವನ ಕಿರುಚಾಟ, ತಲೆ ಚಿಟ್ಟು ಹಿಡೀತು" ಅಂದಳು. ನನಗೆ ಹಿಡಿದಿಲ್ಲವೇ?

ಸೋಮವಾರ, 5

ಇಲ್ಲಾದರೂ ಕಕ್ಕಿಬಿಡುತ್ತೇನೆ.

ಅಪ್ಪ ಹೋದ ದಿನ ಮನೆ ತುಂಬ ಜನ. ದೊಡ್ಡಮ್ಮ ಅಷ್ಟೂ ಜನರೆದುರು ಅಮ್ಮನಿಗೆ ಅಂದಳು — "ನೀನು ನೆಟ್ಟಗೆ ನೋಡ್ಕೊಂಡಿದ್ರೆ ಅವರು ಉಳೀತಿದ್ರು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ. ಅಮ್ಮನ ಬಾಯಲ್ಲಿ ಅಕ್ಕ ಹೋಗಿ 'ಅವಳು' ಆಗಿದ್ದಾಳೆ. ರಾಜಿಗೆ ಹೋದಾಗೆಲ್ಲ ಒಂದೇ ಹಟ. "ಎಲ್ರ ಮುಂದೆ ಅಂದ್ಳು. ಎಲ್ರ ಮುಂದೇನೇ ತಪ್ಪಾಯ್ತು ಅನ್ಲಿ. ನಿನ್ನ ಕೈಲಿ ಹೇಳಿ ಕಳ್ಸೋದು ಬೇಡ."

ಎಲ್ಲರ ಮುಂದೆ ಅಂದರೆ ರೇಡಿಯೋಗಿಂತ ಬೇಕೇ?

ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತರ ಸರಣಿಗೆ ನಾನೇ ರೆಕಾರ್ಡ್ ಮಾಡಿದೆ. ಮೈಕ್ ಮುಂದೆ ನಾನು ಬಹುವಚನ ಹಚ್ಚಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಈಗಲೂ ಮನೆಯ ಫೋನ್ ಎತ್ತಿದರೆ "ಯಾರು ಬೇಕಿತ್ತು?" ಅಂತಲೇ ಬಾಯಿಗೆ ಬರುತ್ತದಂತೆ. ಕೊನೆಗೆ ಕೇಳಿದೆ — "ಊರವರಿಗೆಲ್ಲ ಲೈನ್ ಕೊಟ್ರಿ. ನೀವೇ ಮಾಡ್ಬೇಕು ಅಂದ್ಕೊಂಡು ಮಾಡದೇ ಉಳಿದ ಕಾಲ್ ಯಾವ್ದಾದ್ರೂ ಇದೆಯಾ?"

ಸುಮ್ಮನಾದಳು. ತುಂಬ ಹೊತ್ತು. ಆಮೇಲೆ — "ಇದೆ. ನನ್ನ ತಂಗಿಗೆ. ಅವತ್ತು ಎಲ್ರೆದುರಿಗೆ ಹಾಗಂದಿದ್ದು ನನ್ನ ತಪ್ಪು."

ಇನ್ನೊಂದು ಟೇಕ್ ತೆಗೆಯೋಣವೇ ಅಂದರೆ ಕೈ ಮುಗಿದಳು. "ಒಂದ್ ಸಲ ಹೇಳೋಕೇ ಪ್ರಾಣ ಬಾಯಿಗೆ ಬಂತು, ಬಿಡೇ."

ಭಾನುವಾರ, 11

ಮ್ಯಾಚ್ ಇರಲಿಲ್ಲ. ನಾಟಕ ಉದ್ದವಾಯಿತು. ಗುಂಡು ತಗುಲಿದ ನಾಯಕ ಸಾಯುವುದನ್ನು ಬಿಟ್ಟು ಭಾಷಣ ಬಿಗಿದ. ಬೇಗ ಸಾಯೋ ಮಹಾರಾಯ ಅಂತ ಗಾಜಿನ ಈಚೆಯಿಂದ ಕೈ ಮುಗಿದೆ. ಸಾಯಲಿಲ್ಲ. ಮುಂದಿನ ವಾರ...

ಬುಧವಾರ, 21

ಹೋದ ಭಾನುವಾರದ್ದು ಬರೆಯಲೂ ಬೇಸರ. ಮತ್ತೆ ಮ್ಯಾಚ್.

ಇಂಜಿನಿಯರ್ ಹೊಸ ಪೆಟ್ಟಿಗೆ ಕೂರಿಸಿದ್ದಾರೆ. ಎಲ್ಲರನ್ನೂ ಕರೆದು ತೋರಿಸಿದರು, ಹೊಸ ಅಳಿಯನನ್ನು ತೋರಿಸುವ ಹಾಗೆ. ಪ್ರಸಾರ ಕೆಟ್ಟು ಸದ್ದು ನಿಂತರೆ ಅದು ತಾನಾಗಿ ಕೊಳಲಿನ ಸಂಗೀತ ಹಾಕುತ್ತದೆ. "ಒಂದ್ ಸಲ ಶುರುವಾದ್ರೆ ಮುಗೀತು. ನಾನು ಬಂದು ಬಟನ್ ಒತ್ತೋವರೆಗೂ ಊದ್ತಾನೇ ಇರುತ್ತೆ."

"ಕತ್ತರಿಯವರ ರೂಮಲ್ಲೂ ಒಂದು ಇಡಿ ಸರ್" ಅಂದೆ.

"ಅವರು ಬಾಯಿ ಮುಚ್ಚಿದ್ರೆ ತಾನೆ? ಅಲ್ಲಿ ಅದಕ್ಕೆ ಊದೋ ಚಾನ್ಸೇ ಸಿಗಲ್ಲ ಕಣಮ್ಮ."

ಚೆನ್ನಾಗಿ ನಕ್ಕೆವು.

ಶುಕ್ರವಾರ, 23

ಕತ್ತರಿ ಇವತ್ತು ನನ್ನ ರೆಕಾರ್ಡಿಂಗ್ ಕೇಳಿದರು. ದೊಡ್ಡಮ್ಮ ಸುಮ್ಮನಾದಲ್ಲಿಗೆ ಬಂದದ್ದೇ ತಡ — "ಇದೇನಮ್ಮ ಇಷ್ಟುದ್ದ ಗ್ಯಾಪು? ಕತ್ತರಿಸು."

"ಅದನ್ನ ತೆಗೆದ್ರೆ ಮುಂದಿನ ಮಾತಿಗೆ ತೂಕವೇ ಇರಲ್ಲ ಸರ್."

"ಕೇಳೋರು ಸ್ಟೇಷನ್ ಕೆಟ್ಟೋಯ್ತು ಅಂದ್ಕೋತಾರೆ."

"ಅಂದ್ಕೊಳ್ಳಲಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ಇವರೇ. ಆದರೆ ಬಿಡಲಿಲ್ಲ ನಾನು. ಊಟದ ಹೊತ್ತಿನವರೆಗೂ ಜಗ್ಗಾಡಿದೆ. ಕೊನೆಗೆ ಹೊಟ್ಟೆ ಹಸಿದಿರಬೇಕು, "ಏನಾದ್ರೂ ಮಾಡ್ಕೋ ಹೋಗು" ಅಂದರು. ಗೆದ್ದೆ! ಕೆಲಸಕ್ಕೆ ಸೇರಿದಾಗಿನಿಂದ ಕಂಡವರ ಕೆಮ್ಮು, ತಡವರಿಕೆ, ಉಸಿರು ಎಲ್ಲ ಕತ್ತರಿಸಿ ಎಸೆದವಳು ನಾನು. ಇದೊಂದನ್ನು ಮುಟ್ಟಲಿಲ್ಲ.

ದೊಡ್ಡಮ್ಮನಿಗೆ ಫೋನ್ ಮಾಡಿ ಈ ಭಾನುವಾರ ಖಂಡಿತ ಅಂದೆ. "ಪ್ರತಿ ವಾರಾನೂ ಖಂಡಿತಾನೇ ಕಣೆ ನಿಂದು."

ಭಾನುವಾರ, 25. ಬೆಳಿಗ್ಗೆ ಆರು

ಡ್ಯೂಟಿ ನನ್ನದೇ. ಚಿಂತನದ ವಿಷಯ ತಾಳ್ಮೆ. "ತಾಳಿದವನು ಬಾಳಿಯಾನು" ಅನ್ನುತ್ತಿದ್ದಾನೆ ಪುಣ್ಯಾತ್ಮ. ಬಾ, ನನ್ನ ಕುರ್ಚಿಯಲ್ಲಿ ಕೂತು ಹೇಳು.

ಹೊರಡುವಾಗ ಅಮ್ಮನಿಗೆ ಇಷ್ಟೇ ಹೇಳಿದೆ — ನಾಲ್ಕೂವರೆಗೆ ರೇಡಿಯೋ ಬಿಟ್ಟು ಏಳಬೇಡ. "ನಾನೆಲ್ಲಿ ಏಳ್ತೀನಿ?" ಅಂದಳು.

ಮಧ್ಯಾಹ್ನ

ಫೋನ್-ಇನ್‌ನಲ್ಲಿ ಅದೇ ಮೊಣಕಾಲಿನವರು. ನಾಟಕ ಸಮಯಕ್ಕೆ ಮುಗಿಯಿತು. ಮ್ಯಾಚಿನಲ್ಲಿ ನಮ್ಮವರು ಬೇಗನೇ ಸೋತರು, ಅವರ ಹೊಟ್ಟೆ ತಣ್ಣಗಿರಲಿ. ಕಾಲು ಗಂಟೆ ಇದೆ.

ಸಂಜೆ ಐದೂವರೆ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎಲ್ಲ ಸರಿಯಾಗಿತ್ತು. ದೊಡ್ಡಮ್ಮನ ನಗು, "ಯಾರು ಬೇಕಿತ್ತು?", ನನ್ನ ಪ್ರಶ್ನೆ. ಸುಮ್ಮನಾದಳು. ಇನ್ನೇನು ಆ ಮಾತು ಬರಬೇಕು. ಕೊಳಲು!

ಆ ದರಿದ್ರ ಪೆಟ್ಟಿಗೆಗೆ ಅವಳ ಮೌನವೂ ಒಂದೇ, ಕೆಟ್ಟ ವೈರೂ ಒಂದೇ. ಮೆಷಿನ್ ರೂಮಿಗೆ ಓಡಿದೆ. ಇಂಜಿನಿಯರ್ ಕ್ಯಾಂಟೀನಿನಲ್ಲಿ. ಕೈಗೆ ಸಿಕ್ಕಿದ್ದೆಲ್ಲ ಒತ್ತಿದೆ, ನಿಲ್ಲಲಿಲ್ಲ. ಅವರು ಓಡಿ ಬಂದು ನಿಲ್ಲಿಸುವಷ್ಟರಲ್ಲಿ ನನ್ನದೇ ದನಿ — "ಇಲ್ಲಿಗೆ ಕಾರ್ಯಕ್ರಮ ಮುಗಿಯಿತು." ಬುಧವಾರ ಅದರ ಮುಂದೆಯೇ ನಿಂತು ಹಲ್ಲು ಕಿರಿದಿದ್ದೆನಲ್ಲ, ಹೊಳೆಯಬೇಡವೇ ನನ್ನ ಮಂಕು ತಲೆಗೆ?

ಮರುಪ್ರಸಾರ ಮಾಡಿ ಅಂತ ಕತ್ತರಿಯವರನ್ನು ಕೇಳಿದೆ. "ಮೂರು ತಿಂಗಳು ಫುಲ್. ಗ್ಯಾಪು ಬೇಕು ಅಂದವಳು ನೀನೇ ತಾನೆ?" ಬಾತ್‌ರೂಮಿಗೆ ಹೋಗಿ ಅತ್ತೆ. ದೊಡ್ಡಮ್ಮನಿಗೆ ಫೋನ್ ಮಾಡುವ ಧೈರ್ಯವಿಲ್ಲ.

ರಾತ್ರಿ ಎಂಟು

ಮನೆಗೆ ಬಂದರೆ ಏನೋ ಸರಿಯಿಲ್ಲ ಅನ್ನಿಸಿತು. ಅಮ್ಮ ರೇಡಿಯೋ ಆರಿಸಿಬಿಟ್ಟಿದ್ದಾಳೆ. ಭಾನುವಾರ!

"ಆ ಕೊಳಲು ಯಾವ ಮೂದೇವಿ ಊದಿದ್ದು?" ಅಮ್ಮ ನನ್ನ ಮುಖ ನೋಡಲಿಲ್ಲ.

ಪೆಟ್ಟಿಗೆಯ ಕಥೆ ಹೇಳಿದೆ. "ಆಮೇಲೆ ದೊಡ್ಡಮ್ಮ ಏನಂದ್ಳು ಗೊತ್ತಾ, ನಾನು ಹೇಳ್ತೀನಿ—"

"ಬೇಡ. ನೀನು ಹೇಳಿದ್ರೆ ಅದು ನಿನ್ನ ಮಾತಾಗುತ್ತೆ." ತಟ್ಟೆ ಒರೆಸುತ್ತಲೇ ಇದ್ದಳು, ಒಣಗಿದ ತಟ್ಟೆಯನ್ನು. "ದನಿ ಕೇಳಿದ ತಕ್ಷಣ ಆರಿಸೋಣ ಅಂತ ಕೈ ಹಾಕ್ದೆ. ಅಷ್ಟರಲ್ಲಿ ನಕ್ಕಳು ನೋಡು. ಅದೇ ನಗು ಕಣೆ, ಒಂಚೂರೂ ಬದಲಾಗಿಲ್ಲ."

"ಅಮ್ಮ..."

"ಹುಟ್ಟಿದಾಗಿಂದ ಅವಳು ಬಾಯಿ ಮುಚ್ಚಿದ್ದು ನಾನು ನೋಡಿಲ್ಲ. ಬೈದಾಗ ಮುಚ್ಚಲಿಲ್ಲ, ಹೊಡೆದಾಗ ಮುಚ್ಚಲಿಲ್ಲ. ಇವತ್ತು ಎಲ್ರ ಮುಂದೆ ಸುಮ್ನಾದ್ಳು." ತಟ್ಟೆ ಕೆಳಗಿಟ್ಟಳು. "ಅದೇ ನಂಬರ್ರಾ ಇನ್ನೂ?"

ಅದೇ ಅಂದೆ. ನಾನು ಒತ್ತಿಕೊಡುತ್ತೇನೆ ಅಂದರೆ ಕೈ ತಳ್ಳಿದಳು. ಒಂದೂ ತಪ್ಪದೆ ಒತ್ತಿದಳು. ಇಷ್ಟು ವರ್ಷ ಆ ನಂಬರ್ ಬಾಯಿಪಾಠ ಇಟ್ಟುಕೊಂಡೇ ಕೂತಿದ್ದಳು, ಗಟ್ಟಿಗಿತ್ತಿ.

ನಾನು ರೂಮಿನಲ್ಲಿದ್ದೇನೆ. ಇಲ್ಲಿಂದ ಹಜಾರ ಕಾಣುತ್ತದೆ. ಆ ಕಡೆಯಿಂದ "ಯಾರು ಬೇಕಿತ್ತು?" ಅಂದದ್ದು ನನಗೂ ಕೇಳಿಸಿತು. ಅಮ್ಮ ಮಾತಾಡುತ್ತಿಲ್ಲ. ದೊಡ್ಡಮ್ಮನಿಗೆ ಗೊತ್ತಾಗಿರಬೇಕು, ಅವಳೂ ಮಾತಾಡುತ್ತಿಲ್ಲ. ಇಬ್ಬರೂ ಹಾಗೇ ಇದ್ದಾರೆ. ಸ್ಟೇಷನ್ನಿನಲ್ಲಾಗಿದ್ದರೆ ಇಷ್ಟರಲ್ಲಿ ಕೊಳಲು ಬಂದಿರುತ್ತಿತ್ತು.

"ಅಕ್ಕಾ..." ಅಂದಳು ಅಮ್ಮ.

ಇನ್ನು ಕದ್ದು ಕೇಳಿ ಬರೆಯುವುದು ಸರಿಯಲ್ಲ. ಎದ್ದು ಬಾಗಿಲು ಹಾಕುತ್ತೇನೆ.