ಬಾಕಿ ಉಳಿದ ಆಮೆನ್

ಸುಗುಣಾ,

ಯಾದವಗಿರಿಯ ಸಮಸ್ತ ನಾಗರಿಕರಿಗೆ ಘೋಷಣೆ: ನಿನ್ನ ಗಂಡ ಇಂದು ಸಂಜೆ ಸ್ವಹಸ್ತದಿಂದ ಹಾಲು ಕಾಯಲಿಟ್ಟಿದ್ದಾನೆ! ಅದು ಕಾಯುವಷ್ಟರಲ್ಲಿ ನಿನ್ನ ಸತ್ಯವೇದ ತೆರೆದು ಕೀರ್ತನೆಯೊಂದನ್ನು ಓದಿ, ಮೊದಲ ಸಲ ನಾನೇ ಪ್ರಾರ್ಥಿಸಿದೆ.

“ಪ್ರಾರ್ಥನೆ ಮಾಡಿದವ್ರು ಆಮೆನ್ ಅನ್ಬಾರ್ದು ಕಣ್ರೀ, ಕೇಳಿದವ್ರು ಅನ್ಬೇಕು” ಎಂಬುದು ನಿನ್ನ ಕಾನೂನು. ಕಾಫಿಯ ಆಸೆಗೆ ನಾನು ದಿನವೂ ನಿನ್ನ ಪ್ರಾರ್ಥನೆಯ ನಡುವೆಯೇ ಆಮೆನ್ ಅಂದು ಏಳುತ್ತಿದ್ದೆ. ಆಸ್ಪತ್ರೆಯಲ್ಲಿ ನಿನ್ನ ಕೊನೆಯ ದಿನವೂ, “ಕರ್ತನೇ, ಇವರನ್ನ...” ಎಂದು ನೀನು ಶುರು ಮಾಡಿದಾಗ ಡಾಕ್ಟರು ಬಂದರು, ಆಮೆನ್ ಅಂದುಬಿಟ್ಟೆ. ಇವರನ್ನ ಏನು ಮಾಡು ಅಂತ ಕೇಳುವವಳಿದ್ದೆಯೋ, ಅವನಿಗೇ ಗೊತ್ತು. ಅವನನ್ನೇ ನಂಬಿದ್ದೇನೆ.

ಪ್ರಾರ್ಥನೆ ಮುಗಿದರೂ, ಹಾಳೆಯನ್ನು ಮಂಚದ ಮೇಲಿಟ್ಟು ಮಂಡಿಯೂರಿಯೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕೇಳಿದವರು ಬೇರೆ ಯಾರೂ ಇಲ್ಲ. ಹಾಲು ಉಕ್ಕುವ ಮುಂಚೆ ಒಂದು ಆಮೆನ್ ಅಂದುಬಿಡು ಕಣೇ, ಎದ್ದು ಒಲೆ ಆರಿಸಬೇಕು.