ಕಾಲ್ಬೆರಳಿನ ಮೇಲೆ ಬೀಳದ ತೆಂಗಿನಕಾಯಿ

ನೊಣವಿನಕೆರೆ, ಜೂನ್ 2006

ಗಂಗಲಕ್ಷ್ಮಿಗೆ,

ಈ ಕಾಗದವನ್ನು ಸಂಪಿಗೆ ಊರಿನ ನಿನ್ನ ತವರಿನ ಒಲೆಗೆ ಹಾಕುವ ಮುಂಚೆ ಒಂದು ಸಲ ಓದು. ಎದುರಿಗೆ ನಿಂತರೆ ನಿನ್ನ ಗಂಡನಾದ ನಾನು ಏನಾದರೂ ಪ್ರಾಸ ಕಟ್ಟಿ ತಪ್ಪಿಸಿಕೊಳ್ಳುತ್ತೇನೆ, ನಿನಗೇ ಗೊತ್ತು.

ಮಗಳನ್ನು ಬೆಂಗಳೂರಿನ ಡಾಕ್ಟರಿಗೆ ತೋರಿಸಿದೆ. ಕೋಮಲಾಳ ಕೈಯ ಉಗುರಿಲ್ಲದ ಮೋಟು ಬೆರಳುಗಳನ್ನು ನೋಡಿ ಅವರು ನನ್ನ ಕಡೆ ತಿರುಗಿ, "ಬೂಟು ಬಿಚ್ಚಿ" ಎಂದರು. ತೆಂಗಿನ ತೋಟಕ್ಕೂ ಬೂಟು ಹಾಕಿಕೊಂಡು ಹೋಗುವ ರೈತ ನಾನೊಬ್ಬನೇ. ಬಿಚ್ಚಿದೆ. ಎರಡೂ ಕಾಲಿನ ಕಿರುಬೆರಳಿಗೆ ಉಗುರಿಲ್ಲ. "ಚಿಕ್ಕಂದಿನಲ್ಲಿ ಕಾಯಿ ಬಿತ್ತು" ಎಂದೆ. ನಿನಗೂ ಅದನ್ನೇ ಹೇಳಿದ್ದೆ. ಅಪ್ಪನಿಗೂ ಬಿದ್ದಿತ್ತು, ತಾತನಿಗೂ ಬಿದ್ದಿತ್ತು. ಮೂರು ತಲೆಮಾರಿಗೂ ಅದೇ ಬೆರಳಿಗೆ ಬೀಳುವಷ್ಟು ಗುರಿ ತೆಂಗಿನಕಾಯಿಗೆ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಅಪ್ಪಾ, ನಿಂದೂ ನನ್ ಥರಾನೇ ಐತಲ್ಲಾ!" ಎಂದು ಮಗಳು ಕುಣಿದಳು.

ರಕ್ತಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು. ಜೀವಕೋಶದ ಪೊರೆಯಲ್ಲಿ ಒಂದು ಪ್ರೋಟೀನ್ ಇರುತ್ತದಂತೆ. ಬಸಿರಿನಲ್ಲಿ 'ಬೆರಳೇ, ಇನ್ನಷ್ಟು ಬೆಳಿ' ಎಂಬ ಸುದ್ದಿಯನ್ನು ಹೊರಗೆ ಹಿಡಿದು ಒಳಗೆ ಮುಟ್ಟಿಸುವುದು ಅದರ ಕೆಲಸ. ಅದರ ದಾಯಾದಿ ಪ್ರೋಟೀನ್‌ಗಳ ದಾರಿ ಒಂದು, ಅದರ ದಾರಿಯೇ ಇನ್ನೊಂದು. ವಿಜ್ಞಾನಿಗಳಿಗೂ ಅದು ಇನ್ನೂ ಪೂರ್ತಿ ಬಗ್ಗಿಲ್ಲವಂತೆ. ನಮ್ಮ ವಂಶದಲ್ಲಿ ಅದು ಕೆಟ್ಟಿದೆ. ಅಪ್ಪನಿಂದ ನನಗೆ, ನನ್ನಿಂದ ಮಗಳಿಗೆ. ಬೆರಳುಗಳು ಮೂರನೇ ತಿಂಗಳಿಗೇ ಮೂಡಿ ಮುಗಿದಿರುತ್ತವೆ. ಹತ್ತು ವರ್ಷದ ಹಿಂದೆ ಆ ದೀಪಾವಳಿಯ ಗ್ರಹಣ ಬಂದಾಗ ನಿನಗೆ ಎಂಟು ತಿಂಗಳು.

ಅವತ್ತು "ನಾಳೆ ತಿಪಟೂರಿಗೆ ಕೊಬ್ಬರಿ ಹಾಕ್ಬೇಕು, ಒಡ್ದು ಮುಗ್ಸು" ಎಂದು ಗ್ರಹಣದ ಹೊತ್ತಿನಲ್ಲೇ ನಿನ್ನ ಕೈಗೆ ಮಚ್ಚು ಕೊಟ್ಟವನು ನಾನು. ಮಗು ಹುಟ್ಟಿದ ಮೇಲೆ ಜನ ನನ್ನ ಕಡೆ ನೋಡದಿರಲೆಂದು ಪದ ಕಟ್ಟಿದವನೂ ನಾನೇ. ಇದು ನಿನಗೆ ಇವತ್ತೇ ಗೊತ್ತಾಗುತ್ತಿರುವುದು.

"ಗ್ರಹಣ ಹಿಡ್ದಾಗ ಮಚ್ಚು ಹಿಡುದ್ಲು,
ಹುಟ್ಟೋ ಮಗಿನ ಉಗುರು ಕಡುದ್ಲು."

ಬಿ.ಎ. ಓದಿ ನಾನು ಕಟ್ಟಿದ್ದರಲ್ಲಿ ಊರಿಗೆಲ್ಲ ಬಾಯಿಪಾಠವಾದದ್ದು ಅದೊಂದೇ. ಹತ್ತು ವರ್ಷ ನೀನು ಬಸುರಿಯರ ಎದುರಿಗೆ ಬರಲಿಲ್ಲ. ಈ ಸಲ ಯುಗಾದಿಯಾದ ಮರುವಾರ, ತನ್ನ ಮೊಮ್ಮಗನ ನಾಮಕರಣದಲ್ಲಿ ನನ್ನ ಒಡಹುಟ್ಟಿದ ರಂಗಕ್ಕ "ಗಂಗೀ, ನೀನು ತೊಟ್ಲು ಮುಟ್ಬ್ಯಾಡ ಬುಡವ್ವಾ" ಎಂದಾಗ, ನಾನು ಜಗಲಿಯಲ್ಲಿ ಬಗ್ಗಿ, ಕಟ್ಟಿದ್ದ ಬೂಟಿನ ದಾರವನ್ನೇ ಮತ್ತೆ ಕಟ್ಟುತ್ತಿದ್ದೆ. ಆ ಸಂಜೆಯೇ ನೀನು ತವರಿಗೆ ಹೋದೆ.

ನಿನ್ನೆ ರಂಗಕ್ಕನ ನಡುಮನೆಯಲ್ಲಿ, ಎಲ್ಲರೂ ಇರುವಾಗ, ಬರಿಗಾಲು ಚಾಚಿ ಕೂತು ಇದನ್ನೆಲ್ಲ ಹೇಳಿದೆ. ಪದ ನನ್ನದೆಂದೂ ಹೇಳಿದೆ. ಯಾರೂ ನಗಲಿಲ್ಲ. ರಂಗಕ್ಕ ಮಾತ್ರ ತನ್ನ ಕಾಲುಗಳನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು.

ಬಾ ಎಂದು ಕರೆಯುವ ಮುಖ ನನಗಿಲ್ಲ. ಶನಿವಾರ ಕೋಮಲಾಳನ್ನು ಬಸ್ಸು ಹತ್ತಿಸುತ್ತೇನೆ. ಅವಳ ಕೈಯನ್ನು ಇನ್ನಾದರೂ ಅಳದೆ ಹಿಡಿದುಕೋ. ನೀನು ಮುಟ್ಟಿದ ತೊಟ್ಟಿಲೆಲ್ಲ ತಣ್ಣಗಿರಲಿ.

ಬರಿಗಾಲಿನಲ್ಲಿ,
ಶಿವಣ್ಣ