ಒಂದು ಮೊಳದ ಅಂಬಾಸಿಡರ್

ಇಸವಿ ೨೩೧೭, ಬಿಸಿಲುಮಾಸದ ಮೂವತ್ತೆಂಟನೆಯ ದಿನ
ಕಾರಿನವರ ಮನೆ, ಮೇಲ್ಗುಡ್ಡ, ಗಜೇಂದ್ರಗಡ

ಶಿವಗಂಗವ್ವ ಆಯಿಗೆ, ನಿನ್ನ ಮಗಳ ಮಗಳ ಮಗಳ ಎಂದು ಹೇಳುತ್ತ ಹೋದರೆ ಕಾಗದವೇ ಮುಗಿಯುತ್ತದೆ, ಆದ್ದರಿಂದ ಸುಮ್ಮನೆ ಗುರುಬಸವ್ವ ಎಂಬುವಳು ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಹಿಗ್ಗುತ್ತ ಹೋದದ್ದರಿಂದ ನಮ್ಮ ಹಿರಿಯರು ಚೈತ್ರ ವೈಶಾಖಗಳ ನಡುವೆ ಬಿಸಿಲುಮಾಸ ಎಂಬ ಹೊಸ ತಿಂಗಳೊಂದನ್ನು ತುರುಕಿದರು. ಅದು ಮುಗಿದಾಗ ಮುಗಿಯಿತು, ಇಷ್ಟೇ ದಿನ ಎಂಬ ಕಟ್ಟಳೆ ಅದಕ್ಕಿಲ್ಲ. ನನ್ನ ಮಾತೂ ನಿನಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತೆ, ಅವುಗಳಲ್ಲಿ ಅರ್ಧಕ್ಕರ್ಧ ಜಾಹೀರಾತುಗಳು. ಎಲ್ಲಾದರೂ ಸಾಬೂನು ಮಾರುವವಳ ಹಾಗೆ ಮಾತಾಡಿದರೆ ಹೊಟ್ಟೆಗೆ ಹಾಕಿಕೋ. ಇನ್ನೊಂದಕ್ಕೂ ಕ್ಷಮೆ ಕೇಳಬೇಕು. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನೀನು ಚೊಚ್ಚಲ ಬಸುರಿ, ಮೂವತ್ತು ಕೂಡ ದಾಟದ ಹೆಣ್ಣುಮಗಳು. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ನಿನ್ನನ್ನು ಆಯಿ ಎಂದು ಕರೆದರೆ ನಗು ಬರಬಹುದು, ಸಿಟ್ಟೂ ಬರಬಹುದು. ಎರಡೂ ಬರಲಿ. ಅಜ್ಜಿಯ ಅಜ್ಜಿಗೂ ಅಜ್ಜಿಯಾದವಳನ್ನು ನಾನು ಬೇರೆ ಏನೆಂದು ಕರೆಯಲಿ? ಹಿಂದಕ್ಕೆ ಹೋಗುವ ಟಪಾಲು ಹೇಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡ. ಕಳಿಸುವವರಿಗೇ ಪೂರ್ತಿ ತಿಳಿದಿಲ್ಲ, ಕೆಲವು ಮುಟ್ಟುತ್ತವೆ, ಕೆಲವು ಮುಟ್ಟುವುದಿಲ್ಲ ಎನ್ನುತ್ತಾರೆ.

ನಿಮ್ಮ ಅಂಗಳದಲ್ಲಿ ನಿಂತಿದೆಯಲ್ಲ, ನಿನ್ನ ಮಾವನವರ ಬಿಳಿ ಅಂಬಾಸಿಡರ್ ಕಾರು, ಅದರ ವಿಷಯವಾಗಿ ಬರೆಯುತ್ತಿದ್ದೇನೆ. ನಿಮ್ಮ ಕಾಲಕ್ಕೇ ಅದು ಹಳೆಯ ಸಾಮಾನಾಗಿತ್ತಂತೆ. ನಮಗೆ ಮಾತ್ರ ಅದರಿಂದಾಗಿ ಕಾರಿನವರು ಎಂದೇ ಮನೆತನದ ಹೆಸರು ಬಂದಿದೆ. ಕಾರು ಕಂಡವರು ಊರಲ್ಲಿ ಒಬ್ಬರೂ ಇಲ್ಲ, ಹೆಸರು ಗಟ್ಟಿಯಾಗಿ ಉಳಿದಿದೆ. ನಮ್ಮಲ್ಲಿ ರಸ್ತೆಯೇ ನಡೆಯುತ್ತದೆ ಆಯಿ. ಅದಕ್ಕೆ ನಡೆದಾರಿ ಎನ್ನುತ್ತೇವೆ. ಅಗಲವಾದ ಪಟ್ಟಿ ತಾನಾಗಿ ಸರಿಯುತ್ತಿರುತ್ತದೆ, ನಾವು ಅದರ ಮೇಲೆ ನಿಂತುಕೊಂಡರೆ ಸಾಕು. ಗದಗಿಗೆ ಹೋಗುವವರು, ಮೆಣಸಿನಕಾಯಿ ಚೀಲಗಳು, ಕುರಿಗಳು, ಮದುವೆ ದಿಬ್ಬಣ ಎಲ್ಲ ಒಂದರ ಬೆನ್ನಿಗೆ ಒಂದು. ಬಾಗಿಲಿಲ್ಲ, ಚಾವಣಿಯಿಲ್ಲ, ಇದು ನಮ್ಮದು ಎನ್ನುವ ಮಾತಿಲ್ಲ. ಹೀಗಿರುವವರಿಗೆ, ನಾಲ್ಕು ಬಾಗಿಲಿನ ಕೋಣೆಯೊಂದು ಒಂದೇ ಮನೆಯವರನ್ನು ಕೂರಿಸಿಕೊಂಡು, ಕಿಟಕಿಗೆ ಪರದೆ ಎಳೆದುಕೊಂಡು, ಅವರು ಹೊರಳು ಎಂದ ಕಡೆ ಹೊರಳಿ, ನಿಲ್ಲು ಎಂದ ಕಡೆ ನಿಲ್ಲುತ್ತಿತ್ತು ಎಂದರೆ ಹೇಗಾಗಬೇಡ? ಅಬ್ಬಾ! ಮನೆಯ ಒಂದು ಮೂಲೆಯನ್ನೇ ಕಿತ್ತುಕೊಂಡು ಊರು ಸುತ್ತಿದ ಜನ ನೀವು. ಈಗಲೂ ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ.

ನನ್ನ ಅಕ್ಕ ಫಕೀರವ್ವನ ಬಗ್ಗೆ ಹೇಳಬೇಕು. ನನಗಿಂತ ದೊಡ್ಡವಳು, ನನಗಿಂತ ಬಾಯಿ ಜೋರು, ಕಣ್ಣು ಹೋಗಿ ಬಹಳ ಕಾಲವಾಯಿತು. ಓಣಿಯಲ್ಲಿ ಯಾವ ಹೆಣ್ಣಿಗೆ ಹೆರಿಗೆ ನೋವು ಕಾಣಿಸಿದರೂ ಮೊದಲು ಅಕ್ಕನನ್ನು ಕರೆಸುತ್ತಾರೆ. ಅವಳು ತಲೆಗಡೆ ಕುಳಿತು ನಿನ್ನ ಕಥೆ ಹೇಳುತ್ತಾಳೆ. ಗದಗಿನ ಆಸ್ಪತ್ರೆಗೆಂದು ಹೊರಟ ನೀನು ದಾರಿಯಲ್ಲಿಯೇ, ಆ ಕಾರಿನ ಹಿಂದಿನ ಸೀಟಿನಲ್ಲಿ, ಹೆಣ್ಣು ಹೆತ್ತ ಕಥೆ. ಹೌದು ಆಯಿ, ಹಾಗೇ ಆಗುವುದಿದೆ. ಹೆದರಬೇಡ, ನೀನೂ ಗಟ್ಟಿ, ಕೂಸೂ ಗಟ್ಟಿ, ಅದಕ್ಕೆ ನಾವೇ ಸಾಕ್ಷಿ. ಕಥೆಯ ನಡುವೆ ಅಕ್ಕ ಹೆರುವವಳಿಗೆ ಬೈಯುತ್ತಾಳೆ: “ನಮ್ಮವ್ವ ಓಡೋ ಮನ್ಯಾಗ ಹಡದಾಳ, ನೀ ನಿಂತ ಮನ್ಯಾಗ ಹಡಿಯಾಕ ಹೆದರ್ತಿ ಏನ?” ಬೈಸಿಕೊಂಡವರಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಓಣಿಯ ಅರ್ಧ ಮಕ್ಕಳು ನಿನ್ನ ಕಥೆ ಕೇಳುತ್ತಲೇ ಹುಟ್ಟಿದವು.

ಇಂಥ ಅಕ್ಕನಿಗೆ ಈಗ ಬೆರಳು ಮರಗಟ್ಟುವ ಕಾಯಿಲೆ. ಒಂದೊಂದೇ ಬೆರಳಿನಿಂದ ಸ್ಪರ್ಶ ಹೋಗುತ್ತಿದೆ, ಬಿಸಿಯೋ ತಂಪೋ ತಿಳಿಯುವುದಿಲ್ಲ. ಕಣ್ಣಿಲ್ಲದವಳಿಗೆ ಬೆರಳೇ ಕಣ್ಣು. ಸುಗ್ಗಿಯ ಹೊತ್ತಿನಲ್ಲಿ ಒಂದು ಸಂಜೆ ನನ್ನ ಕೈ ಹುಡುಕಿ ಹಿಡಿದಳು. “ತಂಗಿ, ಇಷ್ಟ ವರ್ಷ ಬಾಯಿ ತುಂಬ ಹೇಳ್ಕೊಂತ ಬಂದೆ, ನಮ್ಮವ್ವ ಹಡದ ಜಾಗಾ ಹೆಂಗಿತ್ತಂತ ನನಗ ಗೊತ್ತಿಲ್ಲ. ಬೆರಳ ಪೂರಾ ಸಾಯೂದ್ರಾಗ ಒಮ್ಮೆ ಮುಟ್ಟಬೇಕವ್ವ” ಎಂದಳು. ಯಾರ ಮುಂದೆಯೂ ಏನನ್ನೂ ಬೇಡದ ಹೆಂಗಸು ಅವಳು. ಆ ಕಾರನ್ನು ನಾನೇ ಮಾಡಿಕೊಡುತ್ತೇನೆ ಎಂದೆ.

ನಾನು ಕೆಲಸ ಮಾಡುವುದು ಸಣ್ಣಮನೆಯಲ್ಲಿ. ಇಲ್ಲದೆ ಹೋದ ವಸ್ತುಗಳನ್ನು ಚಿಕ್ಕದಾಗಿ, ತಪ್ಪಿಲ್ಲದೆ, ಮತ್ತೆ ಮಾಡಿಡುವ ಜಾಗ ಅದು. ರಾಟಿ, ರೈಲು, ಹೊಲಿಗೆಯಂತ್ರ, ಟೆಲಿಫೋನು ಎಲ್ಲ ಮಾಡಿದ್ದೇವೆ. ಅಲ್ಲಿ ಒಂದು ಕಟ್ಟಳೆಯಿದೆ. ಪ್ರತಿ ಭಾಗಕ್ಕೂ ಸಾಕ್ಷಿ ಬೇಕು. ಚಿತ್ರವಾದರೂ ಸರಿ, ಮುರಿದ ಚೂರಾದರೂ ಸರಿ, ಇಲ್ಲವೇ ಬಾಯಿಸಾಕ್ಷಿ, ಅಂದರೆ ಬಾಯಿಂದ ಬಾಯಿಗೆ ಬದಲಾಗದೆ ಬಂದ ಮಾತು. ಮೂರೂ ಇಲ್ಲದ ಭಾಗವನ್ನು ಊಹಿಸಿ ಮಾಡುವಂತಿಲ್ಲ, ಖಾಲಿ ಬಿಡಬೇಕು. ಎಲ್ಲ ನೋಡಿ ಮುದ್ರೆ ಒತ್ತುವವನು ಹಿರೇಕೈ, ಎಂದರೆ ಸಣ್ಣಮನೆಯ ಹಿರಿಯ, ಅಂದಾನೆಪ್ಪ. ಮುದ್ರೆಯಿಲ್ಲದ್ದು ಹೊಸ್ತಿಲು ದಾಟುವುದಿಲ್ಲ. ಒಳ್ಳೆಯ ಮನುಷ್ಯ, ಆದರೆ ಕಟ್ಟಳೆಯ ಮಾತು ಬಂದರೆ ಹುಣಸೆ ಮರದ ಕೊರಡು.

ನಮ್ಮ ಕೈಯಲ್ಲಿದ್ದದ್ದು ನಿಮ್ಮ ಮನೆಯ ಒಂದೇ ಫೋಟೋ. ಕಾರು ಎದುರಿಗೆ, ನೀವೆಲ್ಲ ಪಕ್ಕಕ್ಕೆ. ನೀನು ಹಸಿರು ಸೀರೆಯಲ್ಲಿ, ಹೊಸ ಮದುಮಗಳಂತೆ ಬಿಗಿದುಕೊಂಡು ನಿಂತಿದ್ದೀ. ಬೇರೆ ಅಂಬಾಸಿಡರುಗಳ ಚಿತ್ರ ಬೇಕಾದಷ್ಟು ಸಿಕ್ಕವು, ಆದರೆ ನಿನ್ನ ಮಾವ ಕೈಕಟ್ಟಿ ಕೂರುವ ಪೈಕಿಯವರಲ್ಲ ಎಂದು ಫೋಟೋ ನೋಡಿದರೇ ತಿಳಿಯುತ್ತದೆ. ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್, ಪಕ್ಕದಲ್ಲಿ ಉದ್ದಕ್ಕೂ ಎಳೆದ ಹಸಿರು ಪಟ್ಟಿ, ಬಂಪರಿನ ಮೇಲೆ ಹೆಚ್ಚಿನ ಎರಡು ಹಳದಿ ದೀಪ, ಹಿಂದಿನ ಕಿಟಕಿಗಳಿಗೆ ಬಿಳಿ ಪರದೆ. ಆ ಕಾರಿನಂಥದ್ದು ಇನ್ನೊಂದು ಇರಲಿಲ್ಲ. ನಾವು ಮಾಡಬೇಕಾದದ್ದೂ ಅದನ್ನೇ, ಒಂದು ಮೊಳ ಉದ್ದಕ್ಕೆ.

ಮೈಯನ್ನು ದಂಟುಹಲಗೆಯಲ್ಲಿ ಮಾಡಿದೆ. ಜೋಳದ ದಂಟನ್ನು ಅರೆದು ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಬರುವ ವಸ್ತು ಅದು, ಒಣಗಿದರೆ ಕಲ್ಲು. ಬಾನೆಟ್ಟಿನ ಗುಂಡು ಇದೆಯಲ್ಲ, ಅದನ್ನು ಅಂಗೈಯಲ್ಲಿ ರೊಟ್ಟಿ ಬಡಿದಂತೆ ಬಡಿದು ಬಡಿದು ತಂದೆ. ಎಷ್ಟು ಸಲ ಕೆಡಿಸಿದೆನೋ! ಎಲ್ಲಿ ನೋಡಿದರೂ ಒಂದು ನೇರ ಗೆರೆಯಿಲ್ಲ, ಆದರೂ ಎಲ್ಲೂ ಸೊಟ್ಟಗಿಲ್ಲ. ಯಾರಪ್ಪ ಇದನ್ನು ಯೋಚಿಸಿದವರು ಎಂದು ಕೆಲಸ ನಿಲ್ಲಿಸಿ ಸುಮ್ಮನೆ ನೋಡುತ್ತ ಕೂತದ್ದಿದೆ. ಟೈರುಗಳಿಗೆ ರಬ್ಬರು ಸಿಕ್ಕಿದ್ದು ಕೆರೆಯಿಂದ. ಹೂಳು ತೆಗೆದಾಗಲೆಲ್ಲ ನಿಮ್ಮ ಕಾಲದ ಹವಾಯಿ ಚಪ್ಪಲಿಗಳು ನಿನ್ನೆ ಬಿಟ್ಟುಹೋದ ಹಾಗೆ ಮೇಲೆ ಬರುತ್ತವೆ. ಬಂಪರನ್ನು ಹಳೆಯ ಸ್ಟೀಲ್ ತಾಟಿನ ಅಂಚಿನಿಂದ ಕತ್ತರಿಸಿದೆ. ಯಾರದೋ ಮದುವೆಯ ಉಡುಗೊರೆ ಇರಬೇಕು, ಚುಕ್ಕಿ ಅಕ್ಷರಗಳಲ್ಲಿ ‘ಪ್ರೀತಿಯ’ ಎಂಬಷ್ಟು ಉಳಿದಿತ್ತು. ಅದನ್ನು ಒಳಮೈಗೆ ಬರುವಂತೆ ಬಗ್ಗಿಸಿದೆ. ಹೊಳಪು ಕೊಟ್ಟು ಕಾರಿನ ಮುಂದೆ ಕೂರಿಸಿದಾಗ, ದುಂಡನೆಯ ಎರಡು ದೀಪದ ಕೆಳಗೆ ಅದು ನಕ್ಕ ಹಾಗೆ ಕಂಡಿತು. ಇಡೀ ಸಣ್ಣಮನೆ ಕೆಲಸ ಬಿಟ್ಟು ಸುತ್ತ ಬಂದು ನಿಂತಿತು.

ಇನ್ನು ನಮ್ಮ ಪೆದ್ದುತನ ಕೇಳು. ಫೋಟೋದಲ್ಲಿ ಪ್ರತಿ ಗಾಲಿಯ ಕೆಳಗೂ ಒಂದು ನಿಂಬೆಹಣ್ಣು ಇತ್ತು. ಎಲ್ಲಾ ಗಾಲಿಗೂ ಇದೆ, ಸರಿಯಾಗಿ ನಡುವಿಗೇ ಇದೆ ಎಂದ ಮೇಲೆ ಅದು ಯಂತ್ರದ ಭಾಗವೇ ಇರಬೇಕು ಎಂದು ನಾವು ತೀರ್ಮಾನ ಮಾಡಿದೆವು. ಕಾರು ನಿಂಬೆರಸದಿಂದ ಓಡುತ್ತಿತ್ತು, ಗಾಲಿ ತನ್ನ ಆಹಾರವನ್ನು ತಾನೇ ಹಿಂಡಿಕೊಳ್ಳುತ್ತಿತ್ತು! ಅಂದಾನೆಪ್ಪ ಖುಷಿಯಿಂದ ಕುಣಿಯುವುದೊಂದು ಬಾಕಿ. ನಾನು ಗಾಲಿಯಿಂದ ಎಂಜಿನ್ನಿಗೆ ರಸ ಏರುವ ನಾಲ್ಕು ಸಣ್ಣ ಕೊಳವೆ ಬೇರೆ ಕೂರಿಸಿದೆ. ಅಷ್ಟು ಹಣ್ಣು ಬೆಳೆಯಲು ಎಷ್ಟು ತೋಟವಿತ್ತೋ ಎಂದು ನಿಮ್ಮ ಕಾಲದ ಮೇಲೆ ಅಸೂಯೆಯೂ ಆಯಿತು. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ನಕ್ಕು ನಕ್ಕು ಕೆಮ್ಮಿ ಬಿದ್ದಳು. “ಏ ಹುಚ್ಚಿ! ಅದು ಹೊಟ್ಟಿಗಲ್ಲ, ದೃಷ್ಟಿಗೆ! ಮಹಾನವಮಿ ದಿನ ಗಾಡಿಗೆ ಪೂಜಿ ಮಾಡಿ, ಲಿಂಬಿಹಣ್ಣ ಮ್ಯಾಲ ಗಾಲಿ ಹಾಯಿಸಿ ಮುಂದ ಹೋಗ್ತಿದ್ರಂತ. ಹಾದ್ಯಾಗ ಯಾರಿಗೂ ಏನೂ ಆಗಬಾರದಂತ.” ತಾವೇ ಕೊಂಡು, ತಾವೇ ತೊಳೆದು, ತಾವೇ ಓಡಿಸುವ ಕಬ್ಬಿಣಕ್ಕೆ ವರ್ಷಕ್ಕೊಮ್ಮೆ ಕೈಮುಗಿದು, ನಮ್ಮವರನ್ನು ಕಾಪಾಡು ಎಂದು ಕೇಳಿಕೊಂಡಿರಲ್ಲ! ನಿಮ್ಮನ್ನು ದುಂದುಗಾರರು ಎಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನ ಕೊಳವೆ ಕಿತ್ತು, ನಾಲ್ಕು ಹಣ್ಣುಗಳನ್ನು ಗಾಲಿಯ ಕೆಳಗೆ ಹಾಗೆಯೇ ಇಟ್ಟೆ.

ಆದರೆ ಆಯಿ, ಅಕ್ಕ ಕೇಳಿದ್ದು ಹೊರಗಿನದನ್ನಲ್ಲ, ಹಿಂದಿನ ಸೀಟನ್ನು. ಫೋಟೋದಲ್ಲಿ ಪರದೆ ಎಳೆದಿತ್ತು. ಬೇರೆ ಅಂಬಾಸಿಡರುಗಳ ಸೀಟು ನೋಡಿ ಮಾಡೋಣವೆಂದರೆ, ಸೊಸೆಗೆ ಬಸಿರಲ್ಲಿ ನಡು ನೋಯಬಾರದೆಂದು ಮಾವ ಹಿಂದಿನ ಸೀಟನ್ನು ಕಿತ್ತು ಬೇರೆ ಮಾಡಿಸಿದ್ದರು ಎಂದು ಅಕ್ಕನ ಕಥೆಯಲ್ಲಿಯೇ ಇದೆ. ಎಂಥದ್ದು, ಯಾವ ಬಣ್ಣ, ಮೆತ್ತಗೋ ಬಿರುಸೋ, ಅದಿಲ್ಲ. “ಎಲ್ಲಾ ಕಾರಿಂದು ಹಿಂಗಿತ್ತಂತ ಇದಕ್ಕ ಹಚ್ಚಾಕ ಬರಂಗಿಲ್ಲ ಗುರುಬಸವ್ವ, ಖಾಲಿ ಬಿಡು” ಎಂದ ಅಂದಾನೆಪ್ಪ. ನಾನು ಜಗಳವಾಡಿದೆ. ಮುದುಕಿಯೊಬ್ಬಳ ಆಸೆಗಿಂತ ನಿನ್ನ ಮುದ್ರೆ ದೊಡ್ಡದೇನೋ ಎಂದು ಬಾಯಿಗೆ ಬಂದದ್ದು ಅಂದೆ. ಅವನು ತಿರುಗಿ ಒಂದು ಮಾತೂ ಬೈಯಲಿಲ್ಲ. “ಸುಳ್ಳ ಸೀಟ ಮುಟ್ಟಿಸಿ ಅಕಿಗೆ ಮೋಸ ಮಾಡ್ತಿ ಏನ?” ಎಂದಷ್ಟೇ ಕೇಳಿದ. ಅಷ್ಟರಲ್ಲಿ ಅಕ್ಕನಿಗೆ ಎಡಗೈಯ ಕಿರುಬೆರಳೊಂದರಲ್ಲೇ ಸ್ಪರ್ಶ ಉಳಿದಿತ್ತು.

ಮನೆಗೆ ಹೋಗಿ ಅಕ್ಕನಿಗೆ ಕಥೆ ಹೇಳು ಎಂದೆ. ನನಗೆ ಬಾಯಿಪಾಠವಾದ ಕಥೆ, ಆದರೂ ಮೊದಲಿನಿಂದ ಹೇಳಿಸಿದೆ. ಅಕ್ಕನೂ ನನ್ನ ಕೈಯನ್ನು ಹೆರುವವಳ ಕೈಯಂತೆ ಹಿಡಿದುಕೊಂಡು ಹೇಳಿದಳು. ನೋವು ಹೆಚ್ಚಾಯಿತು, ಗಂಡ ಕಾರು ಓಡಿಸುತ್ತಲೇ ಅತ್ತ, ಅತ್ತೆ ಅವನಿಗೆ ಮುಂದೆ ನೋಡು ಎಂದು ಗದರಿದಳು. “ಆಗ ನಮ್ಮವ್ವ ಎಡಗೈ ಮ್ಯಾಲೆತ್ತಿ, ಬಾಗಲ ಮ್ಯಾಲಿನ ತೊಗಲ ಪಟ್ಟಿ ಹಿಡಕೊಂಡ್ಲು. ಕೂಸು ಬರೂ ತನಾ ಬಿಡಲಿಲ್ಲ.” ನಾನು ಕೂತಲ್ಲಿಂದ ಎದ್ದುಬಿಟ್ಟೆ. ಇಷ್ಟು ವರ್ಷ ಕೇಳಿದ್ದೇನೆ, ಒಮ್ಮೆಯಾದರೂ ಕಿವಿಗೆ ಬಿದ್ದಿರಲಿಲ್ಲ. ಅದು ಬಾಯಿಸಾಕ್ಷಿ. ತಾಯಿಯಿಂದ ಮಗಳಿಗೆ ಒಂದು ಅಕ್ಷರ ಬದಲಾಗದೆ ಬಂದ ಸಾಕ್ಷಿ.

ಅಂದಾನೆಪ್ಪ ಅಕ್ಕನ ಬಾಯಿಂದ ತಾನೇ ಕೇಳಿದ, ತಲೆಯಾಡಿಸಿದ. ತೊಗಲಿನ ಒಂದು ಎಳೆಯಿಂದ ಪಟ್ಟಿ ಮಾಡಿ, ಹಿಂದಿನ ಎಡ ಬಾಗಿಲ ಮೇಲೆ ಕೂರಿಸಿದೆ. ಉಳಿದಂತೆ ಹಿಂದೆಲ್ಲ ಬರಿದು. ನಿನ್ನೆ ಮುದ್ರೆ ಬಿತ್ತು, ಇಂದು ಬೆಳಿಗ್ಗೆ ಕಾರನ್ನು ಮನೆಗೆ ತಂದು ಅಕ್ಕನ ಮಡಿಲಲ್ಲಿಟ್ಟೆ. ಸೀಟು ಇಲ್ಲ ಅಕ್ಕ, ಸಿಗಲಿಲ್ಲ ಎಂದು ಮೊದಲೇ ಹೇಳಿದೆ. ಬಾಗಿಲು ತೆಗೆದು ಅವಳ ಕಿರುಬೆರಳನ್ನು ಒಳಗೆ ಬಿಟ್ಟೆ. ಬೆರಳು ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ತಡಕಾಡಿತು. ಆಮೇಲೆ ಮೇಲಕ್ಕೇರಿ ಪಟ್ಟಿಯೊಳಗೆ ಸಿಕ್ಕಿಕೊಂಡಿತು. ಅಕ್ಕನ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಓಣಿಯ ಹೆಂಗಸರಿಗೆ ಹೇಳುವ ಅದೇ ಜೋರು ದನಿಯಲ್ಲಿ, ನಿನಗೆ ಹೇಳಿದಳು: “ಬಿಡಬ್ಯಾಡವ್ವ! ಗಟ್ಟಿ ಹಿಡಕೋ! ನಾವೆಲ್ಲಾ ಇಲ್ಲೇ ಅದೇವಿ!” ಆಮೇಲೆ ಇಬ್ಬರೂ ಅತ್ತೆವು. ಈಗಲೂ ಅವಳು ಬೆರಳು ತೆಗೆದಿಲ್ಲ, ಊಟ ಬೇಡ ಎನ್ನುತ್ತಿದ್ದಾಳೆ.

ಅದಕ್ಕೇ ತಡಮಾಡದೆ ಈ ಕಾಗದ ಬರೆಯುತ್ತಿದ್ದೇನೆ. ಆ ಹೊತ್ತು ಬಂದಾಗ ಎಡಗೈ ಮೇಲೆತ್ತು, ಪಟ್ಟಿ ಅಲ್ಲೇ ಇದೆ. ಇನ್ನೊಂದು ಕೇಳಿಕೊಳ್ಳುತ್ತೇನೆ. ಎಲ್ಲ ಮುಗಿದ ಮೇಲೆ, ಒಂದು ಸಲ, ಕೂತಲ್ಲಿಂದಲೇ ಆ ಸೀಟನ್ನು ನೋಡು. ಬಣ್ಣ ಯಾವುದು, ಕೈಗೆ ಹೇಗೆ ಹತ್ತುತ್ತದೆ ನೋಡಿ, ಮಗಳಿಗೆ ಬುದ್ಧಿ ಬಂದಾಗ ಹೇಳು. ನೀನು ಹೇಳಿದರೆ ಅದು ನಮ್ಮ ತನಕ ಬರುತ್ತದೆ, ನಮ್ಮ ಹೆಂಗಸರು ಮಾತು ಉದುರಿಸುವವರಲ್ಲ.

ಇಷ್ಟು ಬರೆದ ಮೇಲೆ ಹೊಳೆಯಿತು, ನೀನು ಹೇಳಿದ್ದರೆ ಅದು ಈಗಾಗಲೇ ಕಥೆಯಲ್ಲಿ ಇರಬೇಕು. ಎದ್ದುಹೋಗಿ ಅಕ್ಕನನ್ನು ಕೇಳಿಬಂದೆ, ಕಥೆಯಲ್ಲಿ ಸೀಟಿನ ಬಣ್ಣ ಏನಾದರೂ ಬಂತೇ ಎಂದು. ಇಲ್ಲ ಎಂದಳು. ಕಾರಿನ ಹಿಂದಿನ ಜಾಗ ಖಾಲಿಯೇ ಇದೆ. ಹಾಗಾದರೆ ಕಾಗದ ನಿನಗೆ ಮುಟ್ಟಲಿಲ್ಲ. ಇಲ್ಲವೇ ಮುಟ್ಟಿತು, ನೀನು ಓದಿಯೂ ಓದಿದೆ, ಆದರೆ ಆ ಹೊತ್ತಿಗೆ ಸೀಟು ನೋಡದೆ ಮಗಳ ಮುಖವನ್ನೇ ನೋಡುತ್ತ ಕೂತೆ. ಹಾಗಿದ್ದರೆ ನಮ್ಮದೇನೂ ತಕರಾರಿಲ್ಲ ಆಯಿ.

ನಿನ್ನ,
ಗುರುಬಸವ್ವ